ಸುರೂರನ ಹಿಮ್ಮಡಿಗೊಂದು ಬೆಣೆ

ದುಮ್ಯಾತ್, 19 ಅಕ್ಟೋಬರ್ 1986

ನಮ್ಮ ಡಾಕ್ಟರಮ್ಮ ದಕ್ತೂರಾ ವಿದಾದಳಿಗೆ ಮೆಗಾಹಿದ್ ಚಿಕ್ಕಪ್ಪನ ಸಲಾಮುಗಳು.

ಸಮಸ್ತ ಅರಬ್ ಜಗತ್ತಿಗೂ, ಅದರಲ್ಲೂ ಕುವೈತಿನ ಆಸ್ಪತ್ರೆಯಲ್ಲಿ ಕಂಡವರ ಕೈಕಾಲು ಆಡಿಸಿ ಸರಿಮಾಡುತ್ತಿರುವ ದುಮ್ಯಾತಿನ ಮಗಳಿಗೂ ಈ ಮೂಲಕ ಘೋಷಿಸುವುದೇನೆಂದರೆ: ನಮ್ಮ ಬಡಗಿಗಳ ಫುಟ್ಬಾಲ್ ಕ್ಲಬ್ಬಿನಲ್ಲಿ ಬದಲಿ ಆಟಗಾರರು ಕೂರುವ ಬೆಂಚಿಗೆ ಮೂರನೆಯ ಸುತ್ತಿನ ಮೆರುಗೆಣ್ಣೆ ಬಿದ್ದಿದೆ. ಬಳಿದವನು ನಾನೇ. ಕ್ಲಬ್ಬಿನ ಕಾರ್ಯದರ್ಶಿಯಾಗಿ ನಾನು ಬರೆಯುವ ನೋಟೀಸನ್ನು ಯಾರೂ ಓದುವುದಿಲ್ಲ, ಆದರೆ ಪಾಲಿಶ್ ಕೆಲಸದವನಾಗಿ ನಾನು ಬಳಿದ ಎಣ್ಣೆಯನ್ನು ಊರೆಲ್ಲ ಬಂದು ಮುಟ್ಟಿ ನೋಡುತ್ತದೆ. ಆ ಬೆಂಚಿನಲ್ಲಿ ಈಗ ಮುಖ ನೋಡಿಕೊಂಡು ಮೀಸೆ ಕತ್ತರಿಸಬಹುದು. ನಮ್ಮ ಗೋಲ್‌ಕೀಪರ್ ಬಸ್ಯೂನಿ ಕತ್ತರಿಸಿಯೂ ಆಯಿತು.

ಬೆಂಚಿನ ಮೇಲೆ ಮೊದಲು ಕೂರುವ ಗೌರವ ನಿನ್ನ ತಮ್ಮ ಸುರೂರನಿಗೆ ಸಂದಿತು. ಶುಕ್ರವಾರದ ಪಂದ್ಯದಲ್ಲಿ ಅವನ ಕಾಲು ಒಂದಿಷ್ಟು ಉಳುಕಿತು, ಅಷ್ಟೇ. ಆಟ ಶುರುವಾಗಿ ಅರ್ಧ ಗಂಟೆಯಾಗಿತ್ತು. ಚೆಂಡು ಅವನ ಬಲಗಾಲಿಗೆ ಬಂತು. ಅವನು ಓಡುವುದನ್ನು ನೀನು ನೋಡಿ ಆರು ವರ್ಷವಾಯಿತಲ್ಲ. ಈಗ ಹೇಗೆಂದರೆ, ಅವನು ಹೋಗಿ ಮುಟ್ಟಿದ ಮೇಲೆ ಅವನ ನೆರಳು ಹೊರಡುತ್ತದೆ. ಎರಡು ಹೆಜ್ಜೆ ಇಟ್ಟ. ಹಲಗೆ ಸೀಳಿದಂಥ ಸದ್ದಾಯಿತು. ನಿಂತು, ಹಿಂದೆ ತಿರುಗಿ, ಹತ್ತು ಮಾರು ಆಚೆಗಿದ್ದ ನಮ್ಮವನೇ ಆದ ಲಮ್ಲೂಮನಿಗೆ, “ಯಾಕೋ ಒದ್ದೆ?” ಎಂದು ಕೇಳಿದ. ಕುರ್ಚಿಗೆ ಗಾದಿ ಹೊಲಿಯುವ ಬಡಪಾಯಿ ಲಮ್ಲೂಮ್; ಅವನು ಚೆಂಡನ್ನೇ ನೆಟ್ಟಗೆ ಒದ್ದ ದಾಖಲೆ ಕ್ಲಬ್ಬಿನಲ್ಲಿಲ್ಲ, ಇನ್ನು ಮನುಷ್ಯರನ್ನು ಒದೆಯುವುದೆಲ್ಲಿ ಬಂತು. ಸುತ್ತ ಬೇರೆ ಯಾರೂ ಇರಲಿಲ್ಲ.

ಸ್ಟ್ರೆಚರ್ ಇಲ್ಲದ್ದರಿಂದ ಪಕ್ಕದ ಕಾರ್ಖಾನೆಯಿಂದ ಒಂದು ಬಾಗಿಲು ತಂದು ಅದರ ಮೇಲೆ ಮಲಗಿಸಿ ಹೊತ್ತೆವು. ನಿನ್ನ ತಮ್ಮ ಮೊದಲು ಲಮ್ಲೂಮನ ಕೈ ಹಿಡಿದು ಕ್ಷಮೆ ಕೇಳಿದ. ಆಮೇಲೆ ಬಾಗಿಲ ಅಂಚನ್ನು ಬೆರಳಿನಿಂದ ಸವರಿ, ಇದಕ್ಕೆ ಹತ್ತರಿ ಹಿಡಿದವನು ಯಾರು, ಒರಟಾಗಿದೆ ಎಂದ. ಅಲ್ಲಿಗೆ ನಮಗೆಲ್ಲ ಧೈರ್ಯ ಬಂತು. ನಾಳೆ ಮನ್ಸೂರಾದ ಡಾಕ್ಟರಿಗೆ ಸುಮ್ಮನೆ ತೋರಿಸಿಕೊಂಡು ಬರುತ್ತೇವೆ. ಎರಡು ವಾರದಲ್ಲಿ ಎದ್ದು ಓಡುತ್ತಾನೆ.

ಪಂದ್ಯ ಸೋತೆವು. ಅದು ಬೇರೆ ವಿಷಯ.

ಮೆಗಾಹಿದ್


ಕುವೈತ್, 4 ನವೆಂಬರ್ 1986

ಮೆಗಾಹಿದ್ ಚಿಕ್ಕಪ್ಪನವರಿಗೆ,

ನಿಮ್ಮ ಪತ್ರದ ಮೊದಲ ಪುಟ ಬೆಂಚಿಗೆ ಹೋಯಿತು, ಕೊನೆಯದು ಬಾಗಿಲಿಗೆ. ನಡುವೆ ಒಂದು ಸಾಲಿತ್ತು: ಯಾರೋ ಹಿಂದಿನಿಂದ ಒದ್ದರೆಂದು ತಿರುಗಿ ನೋಡಿದ, ಯಾರೂ ಇರಲಿಲ್ಲ. ಇಲ್ಲಿ ಹಿಮ್ಮಡಿಯ ಮೇಲೆ ಹರಿದುಕೊಂಡು ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಇದೇ ಮಾತು ಹೇಳುತ್ತಾರೆ. ಅದು ಉಳುಕಲ್ಲ ಚಿಕ್ಕಪ್ಪ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿಹಾಕಿರುವ ಸ್ನಾಯುರಜ್ಜು ಹರಿದಿದೆ. ನಿಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ, ಇಡೀ ಕಾಲನ್ನು ಹಿಡಿದಿರುವ ಕೀಲೇ ಕಿತ್ತುಬಂದಿದೆ.

ಆಸ್ಪತ್ರೆಯ ಟೆಲಿಫೋನಿನಿಂದ ಮನ್ಸೂರಾದ ಡಾಕ್ಟರರ ಜೊತೆ ಮಾತಾಡಿದೆ. ಆಪರೇಷನ್ ಮಾಡಿದ್ದಾರೆ, ಹೊಲಿಗೆ ಚೆನ್ನಾಗಿ ಕೂತಿದೆಯಂತೆ. ಅಷ್ಟು ಹೇಳಿದರು.

ಈಗ ನಾನು ಹೇಳುವುದನ್ನು ಬೆರಳು ಮಡಿಚಿ ಕೇಳಿ. ಪ್ಲಾಸ್ಟರ್ ಏಳು ವಾರ. ಅದನ್ನು ಬಿಚ್ಚಿದ ಮೇಲೆ ಬಲಗಾಲಿನ ಬೂಟಿನೊಳಗೆ ಹಿಮ್ಮಡಿಯ ಕೆಳಗೆ ಮೂರು ಸೆಂಟಿಮೀಟರ್ ಎತ್ತರದ ಬೆಣೆ ಇಡಬೇಕು. ಕಾಲು ನೆಟ್ಟಗೆ ನೆಲಕ್ಕೆ ಊರಿದರೆ ಹೊಸ ಹೊಲಿಗೆ ಎಳೆದುಕೊಂಡು ಉದ್ದವಾಗುತ್ತದೆ, ಉದ್ದವಾದದ್ದು ಮತ್ತೆ ಗಿಡ್ಡವಾಗುವುದಿಲ್ಲ. ಎರಡು ವಾರಕ್ಕೊಮ್ಮೆ ಅರ್ಧ ಸೆಂಟಿಮೀಟರ್ ಮಾತ್ರ ಇಳಿಸಬೇಕು. ಅದಕ್ಕಿಂತ ಬೇಗ ಬೇಡ. ಇಲ್ಲಿ ರಬ್ಬರಿನ ಬೆಣೆ ಸಿಗುತ್ತದೆ, ಕಳಿಸಿದರೆ ತಲುಪುವುದು ಯಾವಾಗಲೋ. ದುಮ್ಯಾತಿನಲ್ಲಿ ಒಂದು ಮರದ ತುಂಡಿಗೆ ಬರವಿಲ್ಲ ಎಂದುಕೊಂಡಿದ್ದೇನೆ.

ನಮ್ಮಮ್ಮ ಹೋದಾಗ ಅವನಿಗೆ ಐದು ವರ್ಷ. ಆ ಕಾಲಿಗೆ ಮೊದಲ ಬೂಟು ತೊಡಿಸಿ ಲೇಸು ಕಟ್ಟಿದವಳು ನಾನು. ಇನ್ನು ಮುಂದೆ ಬೆಂಚಿನ ಸುದ್ದಿ ಬಿಟ್ಟು ಕಾಲಿನ ಸುದ್ದಿ ಬರೆಯಿರಿ.

ವಿದಾದ್


ದುಮ್ಯಾತ್, 14 ಡಿಸೆಂಬರ್ 1986

ದಕ್ತೂರಾ,

ಒಂದು ಮರದ ತುಂಡಿಗೆ ಬರವಿಲ್ಲ ಎಂದು ನೀನು ಸಲೀಸಾಗಿ ಬರೆದೆ. ಆ ತುಂಡಿಗಾಗಿ ಇಲ್ಲಿ ಯುದ್ಧವಾಯಿತು. ಅವನನ್ನು ಬಿಟ್ಟು ಉಳಿದ ಹನ್ನೊಂದು ಆಟಗಾರರಲ್ಲಿ ಎಂಟು ಜನ ಬಡಗಿಗಳು, ಇಬ್ಬರು ಕೆತ್ತನೆಯವರು, ಲಮ್ಲೂಮ್ ಒಬ್ಬ ಗಾದಿಯವನು. ಸುರೂರನ ಹಿಮ್ಮಡಿಯ ಕೆಳಗೆ ತನ್ನ ಮರವೇ ಇರಬೇಕೆಂದು ಎಲ್ಲರಿಗೂ ಹಟ. ಕೊನೆಗೆ ಎಲ್ಲರೂ ಕ್ಯಾಪ್ಟನ್ ಎಂದು ಕರೆಯುವ ನಮ್ಮ ತರಬೇತುದಾರ ಗುನೈಮ್ ಚೀಟಿ ಎತ್ತಿಸಿದ. ಗೆದ್ದದ್ದು ರುಮೇನಿಯಾದಿಂದ ಹಡಗಿನಲ್ಲಿ ಬಂದ ಬೀಚ್ ಮರ, ಗಂಟಿಲ್ಲದ್ದು. ಬಸ್ಯೂನಿ ಕತ್ತರಿಸಿದ, ನಾನು ಪಾಲಿಶ್ ಕೊಟ್ಟೆ, ಲಮ್ಲೂಮ್ ಮೇಲೊಂದು ಮಖಮಲ್ಲಿನ ತುಂಡು ಹೊಲಿದ. ಮಂತ್ರಿಗಳು ಕೂರುವ ಕುರ್ಚಿಗೂ ಇಷ್ಟು ಮರ್ಯಾದೆ ಆಗಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ, ಅಂದರೆ ಬುಧವಾರ, ಬೆಣೆ ಬೂಟಿನೊಳಗೆ ಹೋಯಿತು. ಎತ್ತರ ಮೂರು ಸೆಂಟಿಮೀಟರ್, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ.

ಸುರೂರ್ ಬೆಳಿಗ್ಗೆ ಕಾರ್ಖಾನೆಗೆ ಬಂದು, ನಿಮ್ಮಪ್ಪ ಕೂರುತ್ತಿದ್ದ ಮೇಜಿನಲ್ಲೇ ಕೂತು, ಕುರ್ಚಿಯ ಕಾಲಿಗೆ ಹೂ ಕೆತ್ತುತ್ತಾನೆ. ತನ್ನ ಕಾಲಿನ ಸುದ್ದಿ ಎತ್ತುವುದಿಲ್ಲ. ಮಧ್ಯಾಹ್ನದ ನಮಾಜಿಗೆ ಎಲ್ಲರ ಹಾಗೆ ಬೂಟು ಕಳಚಿ ಬಾಗಿಲ ಬಳಿ ಇಟ್ಟು, ಕುರ್ಚಿಯಲ್ಲಿ ಕೂತೇ ಪ್ರಾರ್ಥಿಸುತ್ತಾನೆ.

ತಂಡದ ಬಗ್ಗೆ ನೀನು ಕೇಳಿಲ್ಲ, ಆದರೂ ಹೇಳಬೇಕಲ್ಲ. ಆರು ಪಂದ್ಯ ಆಡಿದೆವು, ಐದು ಸೋತೆವು. ಆರನೆಯದರಲ್ಲಿ ಎದುರಿನವರ ಬಸ್ಸು ಕೆಟ್ಟು ಅವರು ಬರಲೇ ಇಲ್ಲ. ಗುನೈಮನ ಕಪ್ಪು ಹಲಗೆಯ ಮೇಲೆ ಏಳು ವರ್ಷದಿಂದ ಒಂದೇ ಬಾಣದ ಗುರುತಿದೆ, ಹತ್ತು ಜನರಿಂದ ಸುರೂರನ ಕಡೆಗೆ. ಈಗ ಆ ಬಾಣ ಹೋಗಿ ಬೆಂಚಿಗೆ ನಾಟುತ್ತಿದೆ. ಏಪ್ರಿಲ್ ಕೊನೆಯ ಪಂದ್ಯಕ್ಕಾದರೂ ಅವನು ಇಳಿದರೆ ಈ ದರ್ಜೆಯಲ್ಲಿ ಉಳಿಯುತ್ತೇವೆ. ಇಳಿಯುತ್ತಾನೆ. ಬೆಣೆ ಅಷ್ಟು ಚೆನ್ನಾಗಿದೆ.

ಮೆಗಾಹಿದ್


ಕುವೈತ್, 2 ಜನವರಿ 1987

ಚಿಕ್ಕಪ್ಪನವರಿಗೆ,

ಮಖಮಲ್ಲು ಬೇಕಿರಲಿಲ್ಲ. ಆದರೂ ಅದನ್ನು ಓದಿ ನನ್ನ ಜೊತೆಯ ಫಿಲಿಪ್ಪೀನ್ಸಿನ ನರ್ಸಿಗೆ ಹೇಳಿ ನಗಿಸಿದೆ. ಕಾಲು ಮುರಿದವನ ಬೂಟಿಗೆ ಊರಿಗೆ ಊರೇ ಪಾಲಿಶ್ ಹಾಕುವ ಊರು ಇನ್ನೊಂದಿಲ್ಲ ಎಂದಳು. ಹೆಮ್ಮೆಯಾಯಿತು.

ಸುರೂರನ ಎರಡು ಪತ್ರ ಬಂದಿವೆ. ಎರಡರಲ್ಲೂ ನೈಲ್ ನದಿಯ ನೀರು, ಹವೆ, ನೆರೆಯವರ ಆರೋಗ್ಯ. ಇಷ್ಟು ಸಭ್ಯವಾಗಿ ಅವನು ನನಗೆ ಯಾವತ್ತೂ ಬರೆದವನಲ್ಲ. ಕೊನೆಯಲ್ಲಿ ಮಾತ್ರ, ಸಂಜೆ ಹೊತ್ತಿಗೆ ಹಿಮ್ಮಡಿ ಹಿಂದಕ್ಕೆ ಎಳೆದ ಹಾಗಾಗುತ್ತದೆ, ಅದು ಸಹಜವೇ, ಚಿಕ್ಕಪ್ಪನಿಗೆ ಹೇಳಬೇಡ ಎಂದಿದ್ದಾನೆ. ಬಹುಶಃ ಹೆಚ್ಚು ನಡೆಯುತ್ತಿದ್ದಾನೆ. ಗದರಿಸಿ ಕೂರಿಸಿ.

ಏಪ್ರಿಲ್ ಪಂದ್ಯದ ಮಾತು ಈಗ ಬೇಡ. ಬೆಣೆಯನ್ನು ಸ್ಕೇಲಿನಲ್ಲಿ ಅಳೆದು, ಅಂಕಿ ಮಾತ್ರ ಬರೆದು ಕಳಿಸಿ.

ವಿದಾದ್


ದುಮ್ಯಾತ್, 18 ಜನವರಿ 1987

ವಿದಾದ್,

ಎಂಟು ಮಿಲಿಮೀಟರ್.

ನಿನ್ನ ಲೆಕ್ಕದಲ್ಲಿ ಇವತ್ತಿಗೆ ಎರಡು ಸೆಂಟಿಮೀಟರ್ ಇರಬೇಕಿತ್ತು. ಮೂರು ಸಲ ಅಳೆದೆ, ಸ್ಕೇಲು ಬದಲಾಯಿಸಿ ಅಳೆದೆ. ಆಮೇಲೆ ಕಾರ್ಖಾನೆಯ ಬಾಗಿಲು ಹಾಕಿಸಿ, ಯಂತ್ರ ನಿಲ್ಲಿಸಿ, ತಂಡವನ್ನೆಲ್ಲ ಸಾಲಾಗಿ ನಿಲ್ಲಿಸಿ ವಿಚಾರಣೆ ಮಾಡಿದೆ.

ಮೊದಲು ಬಸ್ಯೂನಿ ಬಾಯಿಬಿಟ್ಟ. ಮಧ್ಯಾಹ್ನ ಎಲ್ಲರೂ ನಮಾಜಿಗೆ ಸಾಲು ಕಟ್ಟುವಾಗ ಬಾಗಿಲ ಬಳಿ ಬೂಟು ಕಣ್ಣಿಗೆ ಬೀಳುತ್ತದೆ, ಒಳಗೆ ಬೆಣೆ ಇರುತ್ತದೆ. ಕಾಲಿನ ಬೆವರಿಗೆ ಮರದ ನವಿರೆದ್ದು ಕೊಂಚ ಒರಟಾಗಿತ್ತಂತೆ. ಸುರೂರನಿಗೆ ಚುಚ್ಚಬಾರದೆಂದು ಉಪ್ಪುಕಾಗದದಿಂದ ಎರಡೇ ಎರಡು ಸಲ ಉಜ್ಜಿದನಂತೆ. ದಿನಾ ಎರಡೇ ಸಲ. ಪಕ್ಕದವನು ತಲೆ ತಗ್ಗಿಸಿ ತಾನೂ ಎರಡೇ ಸಲ ಎಂದ. ಅವನ ಪಕ್ಕದವನೂ ಹಾಗೇ. ಹನ್ನೊಂದು ಜನ, ಜೊತೆಗೆ ಗುನೈಮ್. ಒಬ್ಬೊಬ್ಬನೂ ತಾನೊಬ್ಬನೇ ಎಂದುಕೊಂಡಿದ್ದಾನೆ. ಲಮ್ಲೂಮ್ ಮಖಮಲ್ಲು ಬಿಚ್ಚಿ ಹೊಲಿಯುವಾಗಲೆಲ್ಲ ಅಡಿಯನ್ನು ಸಮ ಮಾಡಿದ್ದಾನೆ. ದುಮ್ಯಾತಿನವನ ಕೈಗೆ ಮರ ಸಿಕ್ಕಿದರೆ ಉಜ್ಜದೆ ಕೆಳಗಿಡುವುದಿಲ್ಲ. ಇದು ನಮಗೆಲ್ಲ ಗೊತ್ತಿದ್ದ ಸಂಗತಿಯೇ.

ಇನ್ನೂ ಒಬ್ಬನಿದ್ದಾನೆ. ಹೊಳಪು ಮಾಸಿತೆಂದು ಹಳೆಯ ಪಾಲಿಶ್ ಹೆರೆದು ತೆಗೆದು ನಾಲ್ಕು ಸಲ ಹೊಸದು ಬಳಿದವನು. ಆ ಮಹಾನುಭಾವನ ರುಜು ಈ ಪತ್ರದ ಕೊನೆಯಲ್ಲಿದೆ.

ಕುರ್ಚಿ ಕಾಲಿನ ಹೂವಿನಲ್ಲಿ ಎಸಳೊಂದು ಅರ್ಧ ಮಿಲಿಮೀಟರ್ ಜಾರಿದರೆ ಕಂಡುಹಿಡಿಯುವವನು ನಿನ್ನ ತಮ್ಮ. ಬೆಣೆ ಕರಗುತ್ತಿದ್ದದ್ದು ಅವನಿಗೆ ತಿಳಿಯಲಿಲ್ಲವೇ? ಪಕ್ಕಕ್ಕೆ ಕರೆದು ಕೇಳಿದೆ. ಉಳಿ ಕೆಳಗಿಟ್ಟ.

“ಗೊತ್ತಿತ್ತು ಚಿಕ್ಕಪ್ಪಾ. ಬೇಗ ಇಳಿದ್ರೆ ಬೇಗ ಆಡಬಹುದು ಅನ್ಕೊಂಡೆ. ಮನೇಲಿ ನಾನೂ ಉಜ್ತಿದ್ದೆ.”

ಸಂಜೆ ಕಾಲು ಊದುತ್ತಿದೆ. ನಿನ್ನೆಯೇ ಎರಡು ಸೆಂಟಿಮೀಟರಿನ ಹೊಸ ಬೆಣೆ ಮಾಡಿಸಿದ್ದೇನೆ. ಪಾಲಿಶ್ ಇಲ್ಲ, ಗರಗಸದ ಗುರುತು ಹಾಗೇ ಇದೆ, ನೋಡಿದರೆ ಕೈ ತುರಿಸುತ್ತದೆ. ಮುಟ್ಟಿದವನನ್ನು ತಂಡದಿಂದ ತೆಗೆಯಲಾಗುವುದೆಂದು ನೋಟೀಸು ಹಾಕಿದೆ. ಮೊದಲ ಬಾರಿಗೆ ನನ್ನ ನೋಟೀಸನ್ನು ಎಲ್ಲರೂ ಓದಿದರು.

ಏನಾಗಬಹುದು, ನೀನೇ ಹೇಳು.

ಮೆಗಾಹಿದ್


ಕುವೈತ್, 8 ಫೆಬ್ರವರಿ 1987

ಚಿಕ್ಕಪ್ಪನವರಿಗೆ,

ನಿಮ್ಮ ಪತ್ರ ಓದಿ ಕೂಗಾಡಬೇಕೆನಿಸಿತು. ಹದಿಮೂರು ಜನ ದೊಡ್ಡವರು, ಅವರ ಜೊತೆ ರೋಗಿಯೂ ಸೇರಿ, ಒಂದು ಹೊಲಿಗೆಯನ್ನು ಪ್ರೀತಿಯಿಂದ ಉಜ್ಜಿ ಉಜ್ಜಿ ಎಳೆದುಹಾಕಿದ್ದೀರಿ. ಎರಡು ದಿನ ನಿಮಗೆ ಬೈದು ಬರೆದ ಹಾಳೆಗಳನ್ನು ಹರಿದೆ. ಯಾಕೆ ಹರಿದೆ ಎಂಬುದನ್ನು ಹೇಳಬೇಕು.

ನವೆಂಬರಿನಲ್ಲಿ ಮನ್ಸೂರಾದ ಡಾಕ್ಟರು ಟೆಲಿಫೋನಿನಲ್ಲಿ ಇನ್ನೂ ಒಂದು ಮಾತು ಹೇಳಿದ್ದರು. ನಡೆಯುತ್ತಾನೆ, ಓಡುತ್ತಾನೆ, ಆದರೆ ನಿಂತಲ್ಲಿಂದ ಹಾರಿಹೋಗುವ ಆ ಮೊದಲಿನ ವೇಗ ಮತ್ತೆ ಬರುತ್ತದೆಂದು ನಂಬಿಕೊಳ್ಳಬೇಡಿ ಎಂದು. ಅದನ್ನು ನಾನು ನಿಮಗೆ ಬರೆಯಲಿಲ್ಲ, ಅವನಿಗೂ ಬರೆಯಲಿಲ್ಲ. ಆಸೆಯಿದ್ದರೆ ಮೈ ಬೇಗ ಕೂಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗೊತ್ತಿದ್ದರೆ ಅವನು ಏಪ್ರಿಲ್ ಪಂದ್ಯಕ್ಕೆ ಆತುರಪಟ್ಟು ಮನೆಯಲ್ಲಿ ಕೂತು ಮರ ಉಜ್ಜುತ್ತಿರಲಿಲ್ಲ. ನಿಮ್ಮೆಲ್ಲರ ಉಪ್ಪುಕಾಗದದ ಜೊತೆ ನನ್ನದೂ ಒಂದು ತುಂಡಿದೆ.

ಹೊಸ ಬೆಣೆ ಎರಡು ಸೆಂಟಿಮೀಟರಿನಲ್ಲೇ ಒಂದು ತಿಂಗಳು ಇರಲಿ. ಆಮೇಲೆ ನಿಧಾನವಾಗಿ ಇಳಿಸಿ. ಈ ವರ್ಷ ಅವನು ಆಡುವುದಿಲ್ಲ. ಇದನ್ನು ಕ್ಲಬ್ಬಿನಲ್ಲಿ ಎಲ್ಲರ ಎದುರಿಗೆ ಓದಿ, ಅವನೂ ಇರಲಿ.

ವಿದಾದ್


ದುಮ್ಯಾತ್, 22 ಮಾರ್ಚ್ 1987

ವಿದಾದ್,

ಓದಿದೆ. ಮೊದಲ ಪ್ಯಾರಾದ ಬೈಗುಳವನ್ನು ಚೆನ್ನಾಗಿಯೇ ಓದಿದೆ, ಅದಕ್ಕೆ ನನಗೆ ಅಭ್ಯಾಸವಿದೆ. ಎರಡನೆಯದಕ್ಕೆ ಬಂದಾಗ ಕನ್ನಡಕ ಒರೆಸಿಕೊಳ್ಳುವ ನೆಪ ಮಾಡಿ ನಿಂತೆ. ಸುರೂರ್ ಎದ್ದು ಬಂದು ಹಾಳೆ ತೆಗೆದುಕೊಂಡು, ಡಾಕ್ಟರರ ಮಾತನ್ನು ತಾನೇ ಗಟ್ಟಿಯಾಗಿ ಓದಿದ. ಪಂದ್ಯದ ದಿನ ಹೆಸರಿನ ಪಟ್ಟಿ ಓದುವ ಹಾಗೆ, ಎಲ್ಲೂ ನಿಲ್ಲಿಸದೆ. ಮಡಿಚಿ ನನ್ನ ಜೇಬಿಗಿಟ್ಟ.

ಅವನು ಕುಂಟುತ್ತ ಗುನೈಮನ ಕಪ್ಪು ಹಲಗೆಯ ಹತ್ತಿರ ಹೋದ. ಏಳು ವರ್ಷದ ಬಾಣವನ್ನು ತೋಳಿನಿಂದ ಒರೆಸಿದ.

“ಕ್ಯಾಪ್ಟನ್, ಬಾಗಿಲು ಮಾಡೋವಾಗ ಒಂದೇ ಮೊಳೆ ಮೇಲೆ ನಿಲ್ಲಿಸ್ತೀವಾ ನಾವು? ಇಷ್ಟು ವರ್ಷ ಹಂಗೇ ಆಡಿದ್ವಿ.”

ಅವತ್ತಿನಿಂದ ಪ್ರತಿ ಸಂಜೆ ಮೈದಾನದ ನಡುವೆ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಕುರ್ಚಿ ಯಾಕೆಂದರೆ, ನಿಂತರೆ ಓಡಿಬಿಡುತ್ತೇನೆಂಬ ಭಯ ಎಂದು ನನಗೊಬ್ಬನಿಗೇ ಹೇಳಿದ. ಚೆಂಡು ಯಾರ ಕಾಲಲ್ಲೂ ಮೂರು ಎಣಿಸುವಷ್ಟು ಹೊತ್ತು ನಿಲ್ಲಬಾರದು. ನಿಂತರೆ ಅವನ ಕೋಲು ನೆಲಕ್ಕೆ ಬಡಿಯುತ್ತದೆ. ತನ್ನ ಜಾಗಕ್ಕೆ ಅವನು ಹಾಕಿರುವುದು ಯಾರನ್ನು ಗೊತ್ತೇ? ಲಮ್ಲೂಮನನ್ನು. ಆ ಜಾಗದಲ್ಲಿ ಗಾದಿಯವನು ಓಡಿದರೆ ಊರು ನಗುತ್ತದೆಂದು ನಾನು ಹೇಳಿದೆ. ಲಮ್ಲೂಮನ ಮುಖ ನಮ್ಮ ಹುಳಿಮೊಸರಿನಂತಾಯಿತು. ಸುರೂರ್, ಅವನಿಗೆ ವೇಗ ಇಲ್ಲ, ಸರಿ. ಆದರೆ ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಬರುತ್ತಾನೆ, ನಾನು ಯಾವತ್ತೂ ಬರಲಿಲ್ಲ ಎಂದ.

ಎರಡು ಪಂದ್ಯ ಸಮ ಮಾಡಿಕೊಂಡೆವು, ಒಂದು ಗೆದ್ದೆವು. ನನಗೆ ಇನ್ನೂ ನಂಬಿಕೆಯಿಲ್ಲ.

ಬೆಣೆ: 1.5.

ಮೆಗಾಹಿದ್


ದುಮ್ಯಾತ್, 26 ಏಪ್ರಿಲ್ 1987

ದಕ್ತೂರಾ ವಿದಾದಳಿಗೆ,

ಇನ್ನು ಮೂರು ನಾಲ್ಕು ದಿನಕ್ಕೆ ರಂಜಾನ್. ಅಷ್ಟರಲ್ಲಿ ಈ ವೃತ್ತಾಂತ ಮುಗಿಸಬೇಕು. ಉಪವಾಸದಲ್ಲಿ ಉತ್ಪ್ರೇಕ್ಷೆ ಮಾಡಲಾಗುವುದಿಲ್ಲ.

ಶುಕ್ರವಾರ ಕೊನೆಯ ಪಂದ್ಯ, ಇಜ್ಬತ್ ಅಲ್-ಬುರ್ಜ್‌ನ ಮೀನುಗಾರರ ಮೇಲೆ. ಸಮ ಮಾಡಿಕೊಂಡರೆ ಈ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಕ್ಕೆ. ಅವರ ಕಡೆಯವರು ದೋಣಿಯಲ್ಲಿ ಬಂದಿದ್ದರು, ಜೊತೆಗೆ ಮೀನಿನ ವಾಸನೆಯನ್ನೂ ಕರೆತಂದಿದ್ದರು. ಮೊದಲರ್ಧದಲ್ಲೇ ಒಂದು ಗೋಲು ತಿಂದೆವು. ಬಸ್ಯೂನಿ ಬಿಸಿಲು ಕಣ್ಣಿಗೆ ಹೊಡೆಯಿತೆಂದ. ಬಿಸಿಲು ಅವನ ಬೆನ್ನಿಗಿತ್ತು.

ಇನ್ನು ಹದಿನೈದು ನಿಮಿಷವಿದೆ ಎನ್ನುವಾಗ ಜನ ಸುರೂರನ ಹೆಸರು ಕೂಗತೊಡಗಿದರು. ಮೊದಲು ಒಂದು ಮೂಲೆ, ಆಮೇಲೆ ಇಡೀ ಮೈದಾನ. ಅವನು ನನ್ನ ಪಕ್ಕ ಬೆಂಚಿನಲ್ಲಿದ್ದ, ಬೂಟು ಕಟ್ಟಿಕೊಂಡೇ ಇದ್ದ. ಗುನೈಮ್ ಈ ಕಡೆ ನೋಡಿ ಮುಖ ತಿರುಗಿಸಿಕೊಂಡ, ಕೇಳುವ ಧೈರ್ಯ ಅವನಿಗಾಗಲಿಲ್ಲ. ಕೇಳಿದವನು ನಾನು ವಿದಾದ್. ನಿನ್ನ ಪತ್ರ ಜೇಬಿನಲ್ಲಿಟ್ಟುಕೊಂಡೇ, ಹತ್ತು ನಿಮಿಷ ಹೋಗಿಬಾರೋ ಮಗಾ, ಸುಮ್ಮನೆ ನಿಂತರೂ ಅವರಲ್ಲಿ ಇಬ್ಬರು ನಿನ್ನನ್ನೇ ಕಾಯುತ್ತಾರೆ ಎಂದೆ. ಅವನು ಮೈದಾನವನ್ನೇ ನೋಡುತ್ತಿದ್ದ.

“ನಾನಿಳಿದ್ರೆ ಎಲ್ಲರೂ ಮತ್ತೆ ನನಗೇ ಕೊಡೋಕೆ ಶುರು ಮಾಡ್ತಾರೆ. ಈಗ ತಾನೇ ಕಲ್ತಿದ್ದಾರೆ, ಬಿಡಿ ಚಿಕ್ಕಪ್ಪಾ.”

ಇಪ್ಪತ್ನಾಲ್ಕು ವರ್ಷ ಅವನಿಗೆ. ಊರಿಗೆ ಊರೇ ಹೆಸರು ಹಿಡಿದು ಕರೆಯುತ್ತಿದೆ. ನಾನಾಗಿದ್ದರೆ ಪ್ಲಾಸ್ಟರ್ ಕಟ್ಟಿಕೊಂಡೇ ಇಳಿಯುತ್ತಿದ್ದೆ. ಅವನು ಎದ್ದು ಗೆರೆಯ ಹತ್ತಿರ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು, ನಮ್ಮವರನ್ನು ಒಬ್ಬೊಬ್ಬರನ್ನಾಗಿ ಹೆಸರಿಟ್ಟು ಕರೆಯತೊಡಗಿದ. ಜನಕ್ಕೆ ಏನು ತೋಚಿತೋ, ಅವನು ಕರೆದ ಹೆಸರನ್ನೇ ತಾವೂ ಕೂಗಿದರು. ಲಮ್ಲೂಮನ ಹೆಸರನ್ನು ನಾಲ್ಕು ಸಾವಿರ ಜನ ಕೂಗುವುದನ್ನು ಕೇಳಲು ನಾನು ಬದುಕಿದ್ದೆನಲ್ಲ.

ಗೋಲು ಆದದ್ದು ಹೀಗೆ. ಬಸ್ಯೂನಿ ಕೈಯಿಂದ ಹೊರಟ ಚೆಂಡು ಏಳು ಕಾಲು ಮುಟ್ಟಿತು, ಎಲ್ಲೂ ಮೂರು ಎಣಿಸುವಷ್ಟು ನಿಲ್ಲಲಿಲ್ಲ. ಕೊನೆಗೆ ಬಲ ಮೂಲೆಯಿಂದ ಒಳಗೆ ಬಂದಾಗ, ಇರಬೇಕಾದ ಜಾಗದಲ್ಲಿ ಇರಬೇಕಾದ ಹೊತ್ತಿಗೆ ಲಮ್ಲೂಮ್ ಇದ್ದ. ಕಾಲಿಗೆ ಸಿಗಲಿಲ್ಲ, ಮೊಣಕಾಲ ಚಿಪ್ಪಿಗೆ ಬಡಿದು ಒಳಗೆ ಹೋಯಿತು. ಮುಂದೆ ನಿಂತವರು ಅಡ್ಡವಾದ್ದರಿಂದ ನಿನ್ನ ತಮ್ಮ ಅದನ್ನು ಬಲಗಾಲ ತುದಿಯಲ್ಲಿ ನಿಂತು ಇಣುಕಿ ನೋಡಿದ, ಎಡಗಾಲು ಗಾಳಿಯಲ್ಲಿತ್ತು. ಒಂದಕ್ಕೊಂದು, ಸಮ. ಉಳಿದೆವು. ಲಮ್ಲೂಮನನ್ನು ಹೆಗಲ ಮೇಲೆ ಹೊತ್ತು ನೈಲ್ ದಂಡೆಯವರೆಗೆ ಹೋದೆವು. ಸೋಲಲಿಲ್ಲವಾದರೂ ಮುಖ ಸಪ್ಪೆಯಾಗಿದ್ದ ಮೀನುಗಾರರಿಗೂ ಜಿಲೇಬಿಯಂಥ ನಮ್ಮ ಮುಶಬ್ಬಕ್ ತಿನ್ನಿಸಿದೆವು. ಅಂಟಿದ ಪಾಕ ಇನ್ನೂ ನನ್ನ ಕೋಟಿನ ಮೇಲಿದೆ. ಗುನೈಮ್ ಅತ್ತ, ಅದನ್ನು ಬರೆಯಬೇಡ ಎಂದು ಹೇಳಿದ್ದಾನೆ.

ಮೆಗಾಹಿದ್


ಕುವೈತ್, 13 ಮೇ 1987

ಚಿಕ್ಕಪ್ಪನವರಿಗೆ,

ನಾಲ್ಕು ಪುಟ ಗೋಲಿನ ಬಗ್ಗೆ ಬರೆದಿರಿ. ಅದರ ನಡುವೆ ಅರ್ಧ ಸಾಲು ಬೇರೆಯದಿದೆ, ನೀವು ಗಮನಿಸಿಲ್ಲ. ಬಲಗಾಲ ತುದಿಯಲ್ಲಿ ನಿಂತು ಇಣುಕಿದ ಎಂದಿದ್ದೀರಿ.

ಎಳೆದು ಉದ್ದವಾದ ಸ್ನಾಯುರಜ್ಜಿನವರು ನಡೆಯುತ್ತಾರೆ, ಮದುವೆಯಲ್ಲಿ ಕುಣಿಯುತ್ತಾರೆ ಕೂಡ. ಆ ಒಂದೇ ಕಾಲಿನ ತುದಿಯಲ್ಲಿ ಮೈಭಾರ ಎತ್ತಿ ನಿಲ್ಲುವುದು ಮಾತ್ರ ಅವರಿಂದಾಗದು. ಇವನು ನಿಂತಿದ್ದಾನೆ. ನಾನು ಈ ಕೆಲಸಕ್ಕೆ ಬಂದ ಮೇಲೆ ನೂರಾರು ಜನರನ್ನು ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿ, ಹಿಮ್ಮಡಿ ಏಳುತ್ತದೆಯೇ ಎಂದು ಬಗ್ಗಿ ನೋಡಿದ್ದೇನೆ. ಏಳದಿದ್ದಾಗ ಅವರಿಗೆ ಹೇಳುವ ಮಾತುಗಳೂ ನನಗೆ ಬಾಯಿಪಾಠವಾಗಿವೆ. ಸುರೂರನಿಗೆ ಯಾವತ್ತೋ ಅದನ್ನು ಬರೆಯಬೇಕಾಗುತ್ತದೆಂದು ಮೂರು ತಿಂಗಳಿಂದ ಸಿದ್ಧಳಾಗಿದ್ದೆ. ನಿಮ್ಮ ಪತ್ರ ಹಿಡಿದುಕೊಂಡು ವಾರ್ಡಿನ ನಡುವೆ ನಿಂತುಬಿಟ್ಟೆನಂತೆ, ನರ್ಸ್ ಬಂದು ತೋಳು ಅಲ್ಲಾಡಿಸಬೇಕಾಯಿತು.

ಆ ವೇಗ ಪೂರ್ತಿ ಬರುತ್ತದೋ ಇಲ್ಲವೋ ಈಗಲೂ ಹೇಳಲಾರೆ. ಆಡುತ್ತಾನೆ. ಅಷ್ಟನ್ನು ಹೇಳಬಲ್ಲೆ. ಆದರೆ ಆ ಹೊತ್ತಿನಲ್ಲಿ ಇಳಿಯದೆ ಕೂತದ್ದು ಅವನಿಗೆ ನಾನು ಕಲಿಸಿದ್ದಲ್ಲ ಚಿಕ್ಕಪ್ಪ, ನೀವೂ ಕಲಿಸಿದ್ದಲ್ಲ. ಅವನು ಐದು ವರ್ಷದವನಿದ್ದಾಗ ಸುಮ್ಮನೆ ಕೂರಲಿ ಎಂದು ಬಾಗಿಲಿಗೆ ಅಗುಳಿ ಹಾಕುತ್ತಿದ್ದೆ.

ಒಂದು ಸಣ್ಣ ಉಪಕಾರ ಆಗಬೇಕು. ಈ ಪತ್ರ ತಲುಪಿದ ಮರುದಿನ ಬೆಳಿಗ್ಗೆ ಅವನು ಕಾರ್ಖಾನೆಗೆ ಬಂದಾಗ, ಬೂಟು ಕಳಚಿಸಿ ಗೋಡೆಯ ಹತ್ತಿರ ನಿಲ್ಲಿಸಿ. ಗೋಡೆಗೆ ಎರಡೇ ಬೆರಳು ತಾಗಿಸಿರಲಿ, ಎಡಗಾಲು ಮಡಿಚಿರಲಿ, ಯಾರೂ ಹಿಡಿಯಬಾರದು. ಬಲ ಹಿಮ್ಮಡಿ ಎಷ್ಟು ಸಲ ಪೂರ್ತಿ ಎದ್ದು ಇಳಿಯುತ್ತದೆ ಎಂದು ಎಣಿಸಿ, ಅಂಕಿಯನ್ನು ಒಂದು ಕಾರ್ಡಿನಲ್ಲಿ ಬರೆದು ಅವತ್ತೇ ಅಂಚೆಗೆ ಹಾಕಿ.

ವಿದಾದ್